ಚನ್ನಬಸಮ್ಮನ ಜೀಪು ಕುದಿದ ದಿನ

ಶಿರಂಗಾಲದ ನಮ್ಮ ಪಕ್ಕದ ಮನೆಯ ಚನ್ನಬಸಮ್ಮ ಬೆಳಿಗ್ಗೆ ಲಿಂಗಪೂಜೆ ಮುಗಿಸಿದವಳೇ, ಹಣೆಯ ವಿಭೂತಿ ಒಣಗುವ ಮೊದಲು ಅಂಗಳಕ್ಕೆ ಬಂದು ಜೀಪಿನ ಬಾನೆಟ್ ಎತ್ತುತ್ತಾಳೆ. ರೇಡಿಯೇಟರಿನ ಮುಚ್ಚಳ ತೆಗೆದು, ಬೆರಳು ಅದ್ದಿ ನೀರು ನೋಡುತ್ತಾಳೆ. ಜ್ವರ ಬಂದಾಗಲೂ ಇದನ್ನು ಬಿಟ್ಟವಳಲ್ಲ. ಕಾಫಿ ಹಣ್ಣಿನ ಕಾಲದಲ್ಲಿ ಊರಿನ ಹೆಂಗಸರನ್ನು ನೆಲ್ಯಹುದಿಕೇರಿ ಕಡೆಯ ಎಸ್ಟೇಟಿಗೆ ಪಿಕಿಂಗ್‌ಗೆ ಕರೆದೊಯ್ಯುವುದೇ ಅವಳ ದುಡಿಮೆ.

ಜನವರಿಯ ಒಂದು ಸೋಮವಾರ ಬೆರಳಿಗೆ ಹಳದಿ ಅಂಟಿತು. ತುಕ್ಕಿರಬೇಕೆಂದು ಸೆರಗಿಗೆ ಒರೆಸಿಕೊಂಡಳು. ಹಿಂದಿನ ದಿನ ಗಂಡನ ಅಣ್ಣ ಗಂಗಣ್ಣ, ತಮ್ಮ ಪಿಕಪ್ ಶುಂಠಿ ಲೋಡಿಗೆ ಹೋಗಿದೆಯೆಂದು ಜೀಪನ್ನು ಮದುವೆಗೆ ಒಯ್ದಿದ್ದರು.

ಎಸ್ಟೇಟಿನ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಹೆಂಗಸರು ಇಳಿದು ನಡೆದರು.

"ಚನ್ನಕ್ಕ, ಒಂದು ಪಾವು ಅಕ್ಕಿ ಇಟ್ಟು ಹೋಗ್ತೀವಿ, ಬೇಯಿಸಿಡಿ" ಎಂದು ಅವರಲ್ಲೊಬ್ಬಳಾದ ಸಣ್ಣಿ ಎಲ್ಲರನ್ನೂ ನಗಿಸಿದಳು.

ಆಳುಗಳ ಲೆಕ್ಕ ನೋಡುವ ರೈಟರ್ ಮಾತ್ರ ನಗಲಿಲ್ಲ. "ನಾಳೆ ಹಿಂಗಾದ್ರೆ ಗಂಗಣ್ಣನ ಗಾಡಿಗೇ ಹೇಳ್ತೀನಮ್ಮ. ಈ ಜೀಪು ಇನ್ನು ಬಾಳೋದಿಲ್ಲ ಅಂತ ಅವರು ನಿನ್ನೆ ಸಂಜೆನೇ ಫೋನ್ ಮಾಡಿದ್ರು."

ನಿನ್ನೆ ಸಂಜೆ! ಜೀಪು ಕಾಯಿಲೆ ಬಿದ್ದದ್ದು ಇವತ್ತು.

ಸಂಜೆ ಬಸ್ಸಿಗೆ ಬನ್ನಿ ಎಂದು ಹೆಂಗಸರಿಗೆ ಹೇಳಿ, ದಾರಿಯುದ್ದಕ್ಕೂ ನಿಲ್ಲಿಸಿ ನೀರು ಹೊಯ್ಯುತ್ತ ಮನೆ ಮುಟ್ಟಿದಳು. ಇಂಜಿನ್ ಆರುವವರೆಗೆ ಹಲ್ಲು ಕಚ್ಚಿ ಕೂತಳು. ಆಮೇಲೆ ಫ್ಯಾನಿನ ಬೆಲ್ಟ್ ಒತ್ತಿ ನೋಡಿದಳು, ಬಿಗಿಯಾಗಿತ್ತು. ನೀರು ಕಾದಾಗ ತಾನೇ ತೆರೆದುಕೊಳ್ಳುವ ಥರ್ಮೋಸ್ಟಾಟನ್ನು ಬಿಚ್ಚಿ ಒಲೆಯ ಮೇಲಿನ ಪಾತ್ರೆಗೆ ಹಾಕಿದಳು. ಅದೂ ತೆರೆಯಿತು. ಮತ್ತೆ ಜೋಡಿಸಿ, ಇಂಜಿನ್ ಓಡಿಸಿ, ರೇಡಿಯೇಟರ್ ಮುಟ್ಟಿದಳು. ಮೇಲೆ ಕೈ ಸುಡುವಷ್ಟು ಬಿಸಿ, ಕೆಳಗೆ ತಣ್ಣಗೆ.

"ನೀರು ಕೆಳಗಿಳೀತಾನೇ ಇಲ್ಲ" ಎಂದು ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು.

ಮತ್ತೆ ಆರಿದ ಮೇಲೆ ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪ್ ಎಳೆದಳು. ನೀರಿನ ಬದಲು ಹಳದಿ ರಾಡಿ ತೊಟ್ಟಿಕ್ಕಿತು. ನನಗೂ ವಾಸನೆ ಬಂತು. ಹೊಸಿಲಿಗೆ ಹಚ್ಚುವ ಅರಿಶಿನ! ಪೈಪಿನ ತುದಿ ಬಿರಿದಿತ್ತು. ಸೋರುವುದು ನಿಲ್ಲಲೆಂದು ಯಾರೋ ಅರಿಶಿನ ಸುರಿದಿದ್ದರು, ಅದು ರೇಡಿಯೇಟರಿನ ಸಣ್ಣ ನಾಳಗಳನ್ನೆಲ್ಲ ಕಟ್ಟಿಹಾಕಿತ್ತು.

"ಅಣ್ಣ ಅಲ್ವಾ, ಬಿಡು" ಎಂದ ಗಂಡ ಪ್ರಸಾದ್.

"ಬಿಡೋದಾದ್ರೆ ರಾತ್ರಿ ಊಟಾನೂ ಬಿಡಿ."

ಆತ ತೆಪ್ಪಗೆ ಹೋಗಿ ನಲ್ಲಿಗೆ ಪೈಪ್ ಸಿಕ್ಕಿಸಿದ. ರೇಡಿಯೇಟರನ್ನು ಕೆಳಗಿನಿಂದ ಮೇಲಕ್ಕೆ ತೊಳೆದಳು. ಅಂಗಳವೆಲ್ಲ ಹಳದಿ. ನೀರು ತಿಳಿಯಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಿರಿದ ತುದಿ ಕತ್ತರಿಸಿ, ಪೈಪ್ ಸಿಕ್ಕಿಸಿ, ಕ್ಲಿಪ್ ಬಿಗಿದಳು. ನೀರು ತುಂಬಿ ಇಂಜಿನ್ ಓಡಲು ಬಿಟ್ಟು, ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಗಂಗಣ್ಣ ಪಿಕಪ್ ತಂದು ಗೇಟಿಗೆ ಅಡ್ಡ ನಿಲ್ಲಿಸಿದರು. ಅಂಗಳ ನೋಡಿ ನಕ್ಕರು. "ಅರಿಶಿನ ಹಳೇ ವಿದ್ಯೆ ಕಣಮ್ಮ. ಒಂದು ಪೊಟ್ಟಣಕ್ಕೆ ನಿಲ್ಲಲಿಲ್ಲ, ಇನ್ನೊಂದು ಹಾಕ್ದೆ."

"ಪೈಪ್ ಬಿರಿದಿದೆ ಅಂತ ನನಗೊಂದು ಮಾತು ಹೇಳೋಕಾಗ್ಲಿಲ್ವಾ ಬಾವ? ಬಾಯಿಗೂ ಅರಿಶಿನ ಹಾಕ್ಕೊಂಡಿದ್ರಾ? ರೈಟರಿಗೆ ಫೋನ್ ಮಾಡುವಾಗ ಉದುರಿಹೋಯ್ತಾ?"

ಅವರ ನಗು ನಿಂತಿತು. ನಾನು ಮನಸ್ಸಿನಲ್ಲೇ ಶಿವನನ್ನು ನೆನೆದೆ, ಸ್ಪ್ಯಾನರ್ ಅವಳ ಕೈಯಲ್ಲೇ ಇತ್ತು.

"ಹೋಗ್ಲಿ ಬಿಡು" ಎಂದರು ಗಂಗಣ್ಣ. "ಈ ಸೀಸನ್ ನಿನ್ನ ಹೆಂಗಸರನ್ನ ನಾನೇ ಕರ್ಕೊಂಡೋಗ್ತೀನಿ. ಬಾಡಿಗೆ ನೀನೇ ಇಟ್ಕೋ. ಮನೆಯವ್ರಿಗೆ ಇಷ್ಟೂ ಮಾಡ್ದಿದ್ರೆ ಹೆಂಗೆ?"

ಚನ್ನಬಸಮ್ಮ ಮುಳ್ಳು ನೋಡಿದಳು. ಮಧ್ಯಕ್ಕೆ ಬಂದು, ಮೇಲೇರದೆ ಅಲ್ಲೇ ನಿಂತಿತ್ತು.

"ಬೇಡ ಬಾವ. ಬೆಳಿಗ್ಗೆ ನಾನೇ ಹೋಗ್ತೀನಿ. ನಿಮ್ಮ ಗಾಡಿ ಗೇಟಿಗೆ ಅಡ್ಡ ಇದೆ, ತೆಗೀರಿ."