ರಸ್ತೆ ತುಂಬ ಮೆಕ್ಕೆಜೋಳ

ಹದಡಿಯ ತಿಮ್ಮವ್ವ ಬಾಯಿಗೆ ಹೆಸರಾದವಳು. ಕೂಲಿ ಕೊಡುವ ಸಾಹುಕಾರನೇ ಇರಲಿ, ಮನೆಗೆ ಬಂದ ನೆಂಟನೇ ಇರಲಿ, ಅನ್ನಬೇಕಾದ್ದನ್ನು ಮುಖದ ಮೇಲೆ ಅಂದೇಬಿಡುವಳು. ಅಂಥವಳ ಬಾಯಿ ಕಟ್ಟಿಹೋದದ್ದು ಸಂಕ್ರಾಂತಿ ಕಳೆದ ಮೇಲೆ, ಆ ವಿಮಾನ ಬಿದ್ದ ದಿನ.

ಊರಾಚೆಯ ಡಾಂಬರು ರಸ್ತೆಯಲ್ಲಿ ಸಾಹುಕಾರ ಕೆಂಚವೀರಪ್ಪನವರ ಮೆಕ್ಕೆಜೋಳ ಒಣಗುತ್ತಿತ್ತು. ಗಾಡಿ ಹತ್ತದಿರಲೆಂದು ಅಂಚಿಗೆ ಕಲ್ಲು ಇಟ್ಟು, ಕಾಯಲು ಕೂತ ತಿಮ್ಮವ್ವ ಅಲ್ಲೇ ಸೆರಗು ಹೊದ್ದು ಅಡ್ಡಾಗಿದ್ದಳು. ಗಾಳಿ ಸೀಳಿದ ಸದ್ದಿಗೆ ಕಣ್ಣು ಬಿಟ್ಟರೆ, ಎಂಜಿನ್ ನಿಂತ ಪುಟ್ಟ ವಿಮಾನವೊಂದು ರಸ್ತೆಯ ನೇರಕ್ಕೇ ಇಳಿದು ಬರುತ್ತಿತ್ತು. ಗಾಜಿನ ಹಿಂದೆ ಹುಡುಗನೊಬ್ಬನ ಮುಖ ಕಂಡಿತು. ಅವಳು ಎದ್ದು ಕೂರುವಷ್ಟರಲ್ಲಿ ವಿಮಾನ ತಟ್ಟನೆ ಪಕ್ಕಕ್ಕೆ ವಾಲಿ, ನಾಟಿಗೆ ಕೆಸರು ಮಾಡಿದ್ದ ಗದ್ದೆಗೆ ಇಳಿಯಿತು. ಚಕ್ರ ಹೂತು ಮಗುಚಿಬಿತ್ತು. ಆಳುಗಳು ಓಡಿಹೋಗಿ ಎಳೆದು ತೆಗೆಯುವಷ್ಟರಲ್ಲಿ ಹುಡುಗನ ಉಸಿರು ನಿಂತಿತ್ತು. ಮಹೇಂದ್ರ ಅಂತ ಹೆಸರು. ಇನ್ನೂ ವಿಮಾನ ಹಾರಿಸಲು ಕಲಿಯುತ್ತಿದ್ದವನು.

ರಸ್ತೆಯಲ್ಲಿ ಕಾಳು ಒಣಗಿಸಬಾರದೆಂದು ಪೊಲೀಸರು ಮೊದಲೇ ಗದರಿಸಿ ಹೋಗಿದ್ದರು. ಹಾಗಾಗಿ ಅವರು ಬರುವ ಮುಂಚೆಯೇ ಕಾಳು, ಕಲ್ಲು ಎಲ್ಲ ಮಾಯ. ಗುಡಿಸಿದವರಲ್ಲಿ ತಿಮ್ಮವ್ವನೂ ಒಬ್ಬಳು. ಖಾಲಿ ರಸ್ತೆ ನೋಡಿದ ಅಧಿಕಾರಿಗಳು, ಹುಡುಗ ಗಾಬರಿಬಿದ್ದು ಗದ್ದೆಗೆ ಇಳಿಸಿದ್ದಾನೆ ಎಂದರು. ಪೇಪರಿನಲ್ಲೂ ಹಾಗೇ ಬಂತು. ಅದನ್ನು ಕೇಳಿದ ಮೇಲೆ ತಿಮ್ಮವ್ವ ಮತ್ತೆ ಆ ರಸ್ತೆಗೆ ಕಾಳು ಕಾಯಲು ಹೋಗಲಿಲ್ಲ.

ಕೆಲವು ದಿನ ಬಿಟ್ಟು ಹುಡುಗನ ತಾಯಿ ಮೈಸೂರಿನಿಂದ ಬಂದರು.

“ರಸ್ತೆ ಮಾತು ತೆಗಿಬ್ಯಾಡ. ಕೇಸು ನಿನ್ನ ಮ್ಯಾಲೂ ಬರ್ತೈತೆ,” ಎಂದು ಕೆಂಚವೀರಪ್ಪ ಮೊದಲೇ ತಿಮ್ಮವ್ವನನ್ನು ಎಚ್ಚರಿಸಿದ್ದರು.

ತಾಯಿ ಗದ್ದೆಯ ಬದುವಿನ ಮೇಲೆ ನಿಂತು ರಸ್ತೆಯನ್ನೇ ನೋಡಿದರು. “ಇಷ್ಟು ಒಳ್ಳೆ ರಸ್ತೆ ಇತ್ತಲ್ಲ. ಅಷ್ಟೊಂದು ಹೆದರಿಬಿಟ್ನಾ ನನ್ನ ಮಗ?”

ಕೆಂಚವೀರಪ್ಪ ಕೆಮ್ಮಿದರು. ತಿಮ್ಮವ್ವ ಆ ಕಡೆ ತಿರುಗಿಯೂ ನೋಡಲಿಲ್ಲ.

“ಹೆದರಿಲ್ರವ್ವ. ರಸ್ತೆ ತುಂಬ ಮೆಕ್ಕೆಜೋಳ ಹರವಿದ್ವಿ, ನಾನು ಅಲ್ಲೇ ಮಲಗಿದ್ದೆ. ನನ್ನ ಕಂಡೇ ತಿರುಗಿಸ್ದ. ಆಮ್ಯಾಲೆ ನಾವೇ ಎಲ್ಲ ಗುಡಿಸಿಬಿಟ್ವಿ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಜೈಲಿಗೆ ಹಾಕಿದ್ರೆ ಹಾಕ್ಲಿ.”

ಬೈಗುಳಕ್ಕೆ ಕಾಯುತ್ತ ಅವಳು ತಲೆ ತಗ್ಗಿಸಿದಳು. ತಾಯಿ ಬದುವಿನಿಂದ ಇಳಿದು ಅವಳ ಹತ್ತಿರ ಬಂದರು.

“ಪೇಪರ್ ಓದಿದ ಮೇಲೆ ಅವರಪ್ಪ ಅವನ ಹೆಸರೇ ಎತ್ತುತ್ತಿಲ್ಲ,” ಎಂದವರು ಫೋನ್ ತೆಗೆದು ಕರೆ ಮಾಡಿದರು. “ಈಗ ಹೇಳಿದ್ದನ್ನ ಅವರಿಗೂ ಒಂದ್ಸಲ ಹೇಳಿ.”

ತಿಮ್ಮವ್ವ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನ್ ಹಿಡಿದಳು. ಆ ಕಡೆ ಯಾರೋ ಹಲೋ ಎಂದರು.

“ಯಪ್ಪಾ,” ಎಂದಳು, “ನಿಮ್ಮ ಮಗ ಉಳಿಸಿದ ಮುದುಕಿ ನಾನು.”