ರಾಗಿ ತೆನೆಯ ಗುರುತು

ವೇಣಿ ಜಗಳಗಂಟಿ ಎಂದು ಲಗ್ಗೆರೆಯ ನೆಂಟರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಜಗಳವನ್ನೇ ಓದಿ, ಜಗಳದಲ್ಲೇ ಡಾಕ್ಟರೇಟ್ ಪಡೆದು, ಜಗಳದ ಸಂಬಳದಲ್ಲೇ ಬದುಕಿದವಳು ಅವಳು. ಹೆಬ್ಬಗೋಡಿಯ ಆಚೆಗಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ಭದ್ರತೆ ಮತ್ತು ಸಶಸ್ತ್ರ ಸಂಘರ್ಷ ಎಂಬ ವಿಷಯಕ್ಕೆ ಪ್ರೊಫೆಸರ್. ಮದುವೆಮನೆಗಳಲ್ಲಿ ಇದನ್ನು ಕೇಳಿಸಿಕೊಂಡವರು, ಓದಿದ್ದೇನೋ ಸರಿ, ಇದರಿಂದ ಯಾರ ಮನೆ ಉದ್ಧಾರವಾಯಿತು ಎನ್ನುತ್ತಿದ್ದರು. ಅಂಥವರ ಪಕ್ಕದಲ್ಲಿ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

ಅವಳ ಅಪ್ಪ ಚಿನ್ನಪ್ಪನದು ಪೀಣ್ಯದಲ್ಲಿ ಒಂದು ಶೆಡ್ಡು. ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಲೇತ್ ಕಲಿತವನು. ಹೋದ ಹೊಲದ ನೆನಪಿಗೋ, ಹಟಕ್ಕೋ, ಗುರುತೊತ್ತುವ ಉಕ್ಕಿನ ಪಂಚಿನ ತುದಿಯಲ್ಲಿ ಸಾಸಿವೆಯಷ್ಟು ಚಿಕ್ಕದೊಂದು ರಾಗಿ ತೆನೆ ಕೊರೆದುಕೊಂಡಿದ್ದ. ಶೆಡ್ಡಿನಿಂದ ಹೊರಡುವ ಪ್ರತಿ ಪೀಸಿನ ಮೂಲೆಯಲ್ಲಿ ಆ ಪಂಚಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಲೇಬೇಕು. ಗುರುತಿಲ್ಲದ ಮಾಲು ಅಪ್ಪನಿಲ್ಲದ ಮಗುವಿದ್ದಂತೆ ಎನ್ನುತ್ತಿದ್ದ. ಆಯುಧಪೂಜೆಯ ದಿನ ಲೇತಿಗಿಂತ ಮೊದಲು ಆ ಪಂಚಿಗೆ ಕುಂಕುಮ, ಆರತಿ ಬೆಳಗುವ ಹಕ್ಕು ಮನೆಮಗಳದು. ಚಿನ್ನಪ್ಪ ಸತ್ತು, ಶೆಡ್ಡು ವೇಣಿಯ ತಮ್ಮ ಅಂಬರೀಶನ ಕೈಗೆ ಬಂದ ಮೇಲೂ ಇದು ಬದಲಾಗಲಿಲ್ಲ. ವರ್ಷವಿಡೀ ಆಯುಧಗಳನ್ನು ಬೈದು ಬರೆಯುವ ವೇಣಿ ಆಯುಧಪೂಜೆಯನ್ನು ಮಾತ್ರ ಒಮ್ಮೆಯೂ ತಪ್ಪಿಸಿದವಳಲ್ಲ.

ಅವಳ ಕೆಲಸ ಇಷ್ಟೇ. ಯುದ್ಧ ನಡೆದ ಜಾಗಗಳಿಂದ ಒಡೆದ ಆಯುಧಗಳ ಫೋಟೋ ಬರುತ್ತವೆ. ಯಾವ ತುಂಡು ಯಾವ ಊರಿನ ಯಾವ ಕಾರ್ಖಾನೆಯದು ಎಂದು ಪತ್ತೆ ಹಚ್ಚಿ, ಹೆಸರು ಹಿಡಿದು ಪ್ರಕಟಿಸಬೇಕು. ಇಷ್ಟು ವರ್ಷ ಅವಳು ಬೆರಳು ತೋರಿಸಿದ್ದೆಲ್ಲ ದೂರದ ದೇಶಗಳ ಕಡೆಗೆ. ಬೈಯುವುದಕ್ಕೆ ದೂರದವರಷ್ಟು ಅನುಕೂಲದವರು ಇನ್ನಾರೂ ಇಲ್ಲ. ಹಿಂದೊಮ್ಮೆ ಮುನೀಂದ್ರ ಎಂಬ ಸಹೋದ್ಯೋಗಿ ತನಗೆ ಬೇಕಾದವರ ಕಂಪನಿಯನ್ನು ಉಳಿಸಲು ‘ಗುರುತು ಸಿಗಲಿಲ್ಲ’ ಎಂದು ಬರೆದಿದ್ದ. ತುಂಬಿದ ಸಭೆಯಲ್ಲಿ ವೇಣಿ ಅವನ ಮಾನ ಹರಾಜು ಹಾಕಿದಳು. ಆತ ಕೆಲಸ ಬಿಟ್ಟು ಹೋದ. ಹೋಗಲಿ, ಪೀಡೆ ತೊಲಗಿತು ಎಂದುಕೊಂಡಳು.

ಈ ವರ್ಷ ಪಿತೃಪಕ್ಷದಲ್ಲಿ ಬಂದ ಫೋಟೋಗಳಲ್ಲಿ, ರೊಟ್ಟಿ ಅಂಗಡಿಯೊಂದರ ಮೇಲೆ ಬಿದ್ದು ಸಿಡಿದ ಡ್ರೋನಿನ ರೆಕ್ಕೆಯ ಕೀಲು ಇತ್ತು. ರೊಟ್ಟಿಗೆಂದು ಸಾಲಿನಲ್ಲಿ ನಿಂತಿದ್ದವರು ಸತ್ತಿದ್ದರು. ಕೀಲಿನ ಮೂಲೆಯಲ್ಲೊಂದು ಗೀರು. ತಂಡದವರೆಲ್ಲ ಅದು ಬಿದ್ದ ಏಟಿಗೆ ಆದದ್ದು ಎಂದರು. ವೇಣಿ ಫೋಟೋವನ್ನು ದೊಡ್ಡದು ಮಾಡಿದಳು. ಒಳಕ್ಕೆ ಬಾಗಿದ ಬೆರಳುಗಳ ರಾಗಿ ತೆನೆ ಅದು.

ಮರುದಿನವೇ ಪೀಣ್ಯಕ್ಕೆ ಹೋದಳು. ಕೀಲು ತನ್ನ ಶೆಡ್ಡಿನದೇ ಎಂದು ಅಂಬರೀಶ ಒಪ್ಪಿಕೊಂಡ. ಬೆಳೆಗೆ ಔಷಧಿ ಹೊಡೆಯುವ ಡ್ರೋನಿಗೆಂದು ವೈಟ್‌ಫೀಲ್ಡಿನ ಕಂಪನಿಯೊಂದು ಮಾಡಿಸುತ್ತದೆ ಎಂದ. ಹೊಲದ ಡ್ರೋನಿಗೆ ಇಷ್ಟು ಗಟ್ಟಿ ಕೀಲು ಯಾಕೆಂದು ಕೇಳಲಿಲ್ಲವೇ ಎಂದು ಇವಳು ಸಿಡುಕಿದಳು. ಕೇಳಿದವರಿಗೆ ಮುಂದಿನ ಆರ್ಡರಿನ ಡ್ರಾಯಿಂಗ್ ಬರುವುದಿಲ್ಲ ಎಂದು ಅವನೂ ಸಿಡುಕಿದ. ಆ ಆರ್ಡರ್ ನಿಲ್ಲಿಸಬೇಕು, ಕಂಪನಿಯ ಹೆಸರು ಕೊಡಬೇಕು, ಇಲ್ಲವಾದರೆ ವರದಿಯಲ್ಲಿ ಶೆಡ್ಡಿನ ಹೆಸರೇ ಬರುತ್ತದೆ ಎಂದಳು. ಅವಳಿಗೆ ಬೇರೆ ದಾರಿ ಇರಲಿಲ್ಲ. ತಮ್ಮನ ಮುಖ ಕೆಂಪಾಯಿತು.

“ಅಕ್ಕ, ನಾನು ಪೀಸ್ ಮಾಡಿ ತಿಂತೀನಿ, ನೀನು ಹೆಣ ಎಣಿಸಿ ತಿಂತೀಯ. ಇಬ್ರ ತಟ್ಟೆಗೂ ಅನ್ನ ಬೀಳ್ತಿರೋದು ಅದೇ ಯುದ್ಧದಿಂದ. ನಂಗೊಬ್ನಿಗೇ ನೀತಿ ಹೇಳ್ಬೇಡ.”

ಆ ಮಾತು ಮುಳ್ಳಿನ ಹಾಗೆ ನೆಟ್ಟಿತು. ಅದರಲ್ಲಿ ಸುಳ್ಳಿಲ್ಲ ಎಂಬುದೇ ಅವಳನ್ನು ಹೆಚ್ಚು ಉರಿಸಿತು. ತಾಯಿ ಸುಬ್ಬಲಕ್ಷ್ಮಮ್ಮ ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಶಪಿಸಿದಳು. ಕಾಣಿಸಲಿಲ್ಲ ಎಂದು ಬರೆದರೆ ನಿನ್ನ ಗಂಟೇನು ಹೋಗುತ್ತದೆ ಎಂದಳು. “ವುಟ್ಟಿದ ಮನೆಗೆ ಕೊಳ್ಳಿ ಇಕ್ಕಕ್ಕಾ ನಿನ್ನ ಓದ್ಸಿದ್ದು?” ಎಂದು ಫೋನ್ ಇಟ್ಟಳು.

ವೇಣಿ ಕಂಪ್ಯೂಟರಿನ ಮುಂದೆ ಕೂತು ‘ಗುರುತು ಸಿಗಲಿಲ್ಲ’ ಎಂದು ಟೈಪ್ ಮಾಡಿಯೂ ನೋಡಿದಳು. ಮುನೀಂದ್ರನ ಮುಖ ನೆನಪಾಯಿತು. ತನ್ನ ಮೇಲೇ ಅಸಹ್ಯವಾಗಿ ಅಳಿಸಿದಳು. ಹಾಗೆಂದು ಶೆಡ್ಡಿನ ಹೆಸರು ಬರೆಯಲೂ ಕೈ ಏಳಲಿಲ್ಲ. ವರದಿ ಕಳಿಸುವ ಗಡುವು ಹತ್ತಿರ ಬಂದರೂ ಆ ಜಾಗ ಖಾಲಿಯೇ ಉಳಿಯಿತು.

ಅಷ್ಟರಲ್ಲಿ ಅಂಬರೀಶನೇ ಫೋನ್ ಮಾಡಿದ. ಪೂಜೆಗೆ ಬಾ, ನೀನು ಕೇಳಿದ್ದಕ್ಕೆ ಅವತ್ತೇ ಉತ್ತರ ಕೊಡುತ್ತೇನೆ ಎಂದ. ತಮ್ಮ ಸೋತ ಎಂದುಕೊಂಡು ಅವಳು ಹೊಸ ಸೀರೆ ಉಟ್ಟು ಹೋದಳು.

ಶೆಡ್ಡನ್ನು ತೊಳೆದು ಬಾಳೆಕಂಬ ಕಟ್ಟಿದ್ದರು. ಮೆಷಿನ್ನುಗಳಿಗೆಲ್ಲ ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ. ಸುಬ್ಬಲಕ್ಷ್ಮಮ್ಮ ಮಗಳ ಮುಖ ನೋಡದೆ ಆರತಿ ತಟ್ಟೆಯನ್ನು ಹಚ್ಚಿ ಅವಳ ಕೈಗಿಟ್ಟಳು. ಪದ್ಧತಿಯಂತೆ ಮೊದಲು ಪಂಚಿಗೆ ಕುಂಕುಮ ಇಡಲು ವೇಣಿ ಬಗ್ಗಿದಳು. ಬಾಳೆಎಲೆಯ ಮೇಲೆ ಪಂಚು ಇತ್ತು, ತುದಿಯಲ್ಲಿ ತೆನೆ ಇರಲಿಲ್ಲ. ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ನುಣ್ಣಗೆ ಉಜ್ಜಿಬಿಟ್ಟಿದ್ದರು. ಪಕ್ಕದಲ್ಲಿ ಅದೇ ಕೀಲುಗಳು ತುಂಬಿದ ಪೆಟ್ಟಿಗೆಗಳು ಹೂವು ಮುಡಿದು ಕೂತಿದ್ದವು. ಒಂದು ಕೀಲನ್ನು ತೆಗೆದು ನೋಡಿದಳು. ಮೂಲೆ ಬೋಳಾಗಿತ್ತು.

“ಬೆಳಗು ಅಕ್ಕ,” ಎಂದ ಅಂಬರೀಶ. “ಇನ್ಮೇಲೆ ನಿನ್ನ ಫೋಟೋದಲ್ಲಿ ಅಪ್ಪ ಸಿಗಲ್ಲ.”

ಹಚ್ಚಿದ ಆರತಿಯನ್ನು ಬೆಳಗದೆ ಕೆಳಗಿಡಬಾರದು. ವೇಣಿ ಇಟ್ಟಳು. ಸುಬ್ಬಲಕ್ಷ್ಮಮ್ಮ ತಟ್ಟೆಯನ್ನು ಎತ್ತಿಕೊಂಡು ಪೆಟ್ಟಿಗೆಗಳಿಗೆ ತಾನೇ ಬೆಳಗಿದಳು. ಹೊರಟ ಮಗಳನ್ನು ಯಾರೂ ತಡೆಯಲಿಲ್ಲ.

ಪೀಣ್ಯದ ರಸ್ತೆಯ ತುಂಬ ಒಡೆದ ಕುಂಬಳಕಾಯಿ. ತುಳಿಯದಂತೆ ದಾಟಿ ಬಸ್ ಸ್ಟಾಪಿಗೆ ಬಂದು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದಳು: ‘ರಾಗಿ ತೆನೆ. ಚಿನ್ನಪ್ಪನವರ ಶೆಡ್ಡು, ಪೀಣ್ಯ. ನಾನು ಅವರ ಮಗಳು.’ ವರದಿ ಕಳಿಸಿ, ಹೆಬ್ಬಗೋಡಿಯ ಕಡೆ ಹೋಗುವ ಬಸ್ಸಿಗೆ ಕಾಯುತ್ತಾ ಕೂತಳು.