ಎರಡಿಂಚು ಲೂಸ್

ಮೊನ್ನೆ ಶಿಕಾರಿಪುರದಿಂದ ನನ್ನ ಎರಡು ರವಿಕೆ ಬಸ್ಸಿನಲ್ಲಿ ಸೊರಬಕ್ಕೆ ಬಂದವು. ಪೊಟ್ಟಣ ಬಿಚ್ಚಿದರೆ ಇಸ್ತ್ರಿಯ ವಾಸನೆ, ಅದರ ಜೊತೆ ಟೈಲರ್ ಚಾಕಿನದೂ. ಗುಂಡುಪಿನ್ನಿನಲ್ಲಿ ಸಿಕ್ಕಿಸಿದ್ದ ಅಳತೆ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಸೊಂಟ: ಮೂವತ್ತೆಂಟು!

ನೀವೇ ಹೇಳಿ, ನನ್ನ ಸೊಂಟ ಮೂವತ್ತು ವರ್ಷಗಳಿಂದ ಮೂವತ್ತನಾಲ್ಕು. ಕಾನ್ವೆಂಟಿನಲ್ಲಿ ಓದಿ ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು ನಾನು. ಸ್ಪೆಲಿಂಗ್ ತಪ್ಪಿದರೇ ಸುಮ್ಮನಿರದವಳು, ಇದನ್ನು ಬಿಟ್ಟೇನೆಯೇ? ಫೋನ್ ಮಾಡಿದೆ. ಈಗ ಅಂಗಡಿ ನಡೆಸುವವಳು ಟೈಲರ್ ಕರೀಂ ಸಾಬರ ಮಗಳು ನಸೀಮಾ. ಸಾಬರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

"ಅಪ್ಪನ ಪುಸ್ತಕದಾಗೆ ಮೊದಲಿಂದ ಮೂವತ್ತೆಂಟೇ ಐತ್ರೀ ಟೀಚರಮ್ಮ," ಅಂದಳು. "ಬಾಯಲ್ಲಿ ಮಾತ್ರ ಕಡಿಮೆ ಹೇಳ್ತಿದ್ರು."

ಫೋನ್ ಇಟ್ಟು ಒಬ್ಬಳೇ ನಕ್ಕೆ. ಇದೇ ಸಾಬರ ಟೇಪು ಒಮ್ಮೆ ನಮ್ಮ ಮನೆಮಂದಿಯ ನಗುವನ್ನೇ ಕಿತ್ತುಕೊಂಡಿತ್ತು.

ನನ್ನ ಅಳಿಯ ಬಸವರಾಜ ಮಿಲಿಟರಿಯಲ್ಲಿ ನಾಯಕ್ ಆಗಿದ್ದಾಗಿನ ಮಾತು. ಅದರ ಮೇಲಿನ ದರ್ಜೆಯ ಹವಾಲ್ದಾರ್ ಆಗಲು ಒಂದು ಕೋರ್ಸಿಗೆ ಅವನ ಹೆಸರು ಬಂದಿತ್ತು. ಆದರೆ ಯೂನಿಟ್ಟಿನ ಡಾಕ್ಟರು ಬೆನ್ನಿನ ಚರ್ಮವನ್ನು ಚಿಮಟದಂಥದ್ದರಲ್ಲಿ ಹಿಡಿದು, ಹೊಟ್ಟೆಗೆ ಟೇಪು ಸುತ್ತಿ, ಬಾಡಿ ಫ್ಯಾಟ್ ಜಾಸ್ತಿ ಎಂದು ಬರೆದುಬಿಟ್ಟರು. ಸೊಂಟ ಮೂವತ್ತೆಂಟು ಇತ್ತು. ರಜೆ ಮುಗಿಸಿ ಬರುವಾಗ ಮೂವತ್ತಾರರೊಳಗೆ ಇರಬೇಕು, ಇಲ್ಲದಿದ್ದರೆ ಕೋರ್ಸು ಮುಂದಿನವನಿಗೆ. ಆ ಇಂಗ್ಲಿಷ್ ಕಾಗದವನ್ನು ನನಗೇ ಓದಲು ಕೊಟ್ಟ. "ಫ್ಯಾಟ್ ಅಂದ್ರೆ ಫಾಲ್ಟ್ ಅಲ್ಲಪ್ಪ," ಎಂದು ನನ್ನ ಇಂಗ್ಲಿಷನ್ನು ಮೆರೆಸಿದೆ. ಅವನು ನಗಲಿಲ್ಲ. "ಅತ್ತೆ, ಈ ಸಲ ಹೋಳಿಗೆ ಬ್ಯಾಡ್ರಿ," ಅಂದ.

ಮನೆಗೆ ಬಂದ ಅಳಿಯನಿಗೆ ಸೌತೆಕಾಯಿ ಬಡಿಸಿದ ಅತ್ತೆಯನ್ನು ನೀವು ಕಂಡಿದ್ದೀರಾ? ಮೊದಲ ದಿನ ಹೋಳಿಗೆ ಮಾಡಿಯೇ ಮಾಡಿದೆ. ತುಪ್ಪವನ್ನೂ ಹಾಕಿದೆ. ಅವನು ನನ್ನ ಮುಖ ನೋಡಿ ಮೂರು ತಿಂದ.

ಮರುದಿನ ಬೆಳಿಗ್ಗೆಯಿಂದ ಶಿಕಾರಿಪುರ ರಸ್ತೆಯಲ್ಲಿ ಓಡಲು ಶುರು ಮಾಡಿದ. ಹಾಲಿನವರು ಕೂಗಿ ಕೇಳಿದರಂತೆ, "ಯಾಕ್ರೀ, ಬಸ್ಸು ತಪ್ತಾ?" ವಾರಕ್ಕೊಮ್ಮೆ ಅಳತೆ ನೋಡಬೇಕಿತ್ತು. ಕರೀಂ ಸಾಬರಷ್ಟು ಕರೆಕ್ಟಾಗಿ ಅಳೆಯುವವರು ಎರಡು ತಾಲ್ಲೂಕಿನಲ್ಲಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟವಳು ನಾನೇ. ನನ್ನ ಮೂವತ್ತನಾಲ್ಕೇ ಅದಕ್ಕೆ ಸಾಕ್ಷಿಯಲ್ಲವೇ! ಮೊದಲ ವಾರ ಸಾಬರು ಟೇಪು ಸುತ್ತಿ, "ಮೂವತ್ತೊಂಬತ್ತು," ಅಂದರು.

ಎಲ್ಲ ನನ್ನಿಂದಲೇ. ಹೋಳಿಗೆ!

ಆಮೇಲೆ ನನ್ನ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದೇ ನಿಂತಿತು. ಅವನಿಗೆ ಮಜ್ಜಿಗೆ, ಕೋಸಂಬರಿ, ಅರ್ಧ ರೊಟ್ಟಿ. ಎರಡನೆಯ ವಾರ ಮೂವತ್ತೆಂಟೂವರೆ, ಮೂರನೆಯ ವಾರ ಮೂವತ್ತೆಂಟು, ನಾಲ್ಕನೆಯ ವಾರ ಮೂವತ್ತೇಳೂವರೆ. ರಜೆ ಉಳಿದದ್ದು ಐದು ದಿನ. ಮರುದಿನ ಓಡಿ ಬಂದವನು ಜಗುಲಿ ಮೇಲೆ ತಲೆಸುತ್ತಿ ಕೂತುಬಿಟ್ಟ. "ಆಗಲ್ಲ ಬಿಡ್ರಿ ಅತ್ತೆ. ನಾಳೆ ಫೋನ್ ಮಾಡಿ ಹೆಸರು ತೆಗಿಸಿಬಿಡ್ತೀನಿ." ಒಳಗೆ ನನ್ನ ಮಗಳು ಅಳುತ್ತಿದ್ದಳು. ಆ ಮೂರು ಹೋಳಿಗೆ ಬಡಿಸಿದವಳು ನಾನೇ.

ಯಾರಿಗೂ ಹೇಳದೆ ಶಿಕಾರಿಪುರದ ಬಸ್ಸು ಹತ್ತಿದೆ. "ಸಾಬರೇ, ನಿಮ್ಮ ಟೇಪು ಸರಿಯಾಗಿದೆಯೇನ್ರೀ?"

ಅವರಿಗೆ ಸಿಟ್ಟು ಬಂತು. "ಟೇಪಿಗೇನಾಗೈತೆ ಟೀಚರಮ್ಮ? ಎರಡಿಂಚು ಲೂಸ್ ಹಿಡಿದೇ ಹೇಳೀನಿ."

"ಲೂಸ್ ಯಾಕ್ರೀ?"

"ಮತ್ತೆ? ಅತ್ತೆಮನೀಗೆ ಬಂದ ಅಳಿಯಾರು. ಉಂಡಮೇಲೆ ಪ್ಯಾಂಟು ಬಿಗೀಬಾರದಲ್ರೀ. ವಾರವಾರ ಬರ್ತೀರಿ, ಬಟ್ಟೆ ಮಾತ್ರ ತರಲ್ಲ. ಬಣ್ಣ ಒಪ್ಪಿಗೆ ಆಗಿಲ್ಲೇನೋ ಅಂದ್ಕಂಡೆ!"

ಯಾವುದಕ್ಕೆ ಅಳತೆ ಎಂದು ನಾವು ಹೇಳಿರಲೇ ಇಲ್ಲ. ಮಿಲಿಟರಿಯವನಿಗೆ ಹೊಟ್ಟೆ ಎಂದು ಅಂಗಡಿಯಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಈಗ ಎಲ್ಲವನ್ನೂ ಹೇಳಿದೆ. ಸಾಬರು ಎರಡೂ ಕೈಯಿಂದ ಕಿವಿ ಹಿಡಿದುಕೊಂಡರು. ಅರ್ಧ ಹೊಲಿದ ಜುಬ್ಬವನ್ನು ಮಷೀನಿನ ಮೇಲೆಯೇ ಬಿಟ್ಟು, ಶಟರ್ ಎಳೆದು, ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು.

ನಮ್ಮ ಜಗುಲಿಯಲ್ಲಿ ಬಸವರಾಜನನ್ನು ನಿಲ್ಲಿಸಿ, "ಇವತ್ತು ಲೂಸ್ ಇಲ್ರೀ," ಎಂದು ಸುತ್ತಿದರು. ನಾನು ಕನ್ನಡಕ ಹಾಕಿಕೊಂಡು ಟೇಪಿನತ್ತ ಬಗ್ಗಿದೆ.

"ಮೂವತ್ತೈದೂವರೆ!"

ಬಸವರಾಜ ಸಾಬರನ್ನು ತಬ್ಬಿಕೊಂಡು ಎತ್ತಿಯೇಬಿಟ್ಟ. ಇಳಿಸಿದವನೇ ನನ್ನತ್ತ ತಿರುಗಿ, "ಅತ್ತೆ, ಹೋಳಿಗೆ," ಅಂದ. ಜೀವನದಲ್ಲಿ ಮೊದಲ ಬಾರಿಗೆ ನಾನು ಅಳಿಯನಿಗೆ ಇಲ್ಲ ಎಂದೆ. "ಹವಾಲ್ದಾರ್ ಆಗಿ ಬಾ." ಆ ದಿನ ಹೋಳಿಗೆ ತಿಂದವರು ಸಾಬರೊಬ್ಬರೇ. ಬಸವರಾಜ ಹವಾಲ್ದಾರನಾಗಿಯೇ ಬಂದ.

ನಾನು ಆ ಎರಡಿಂಚನ್ನು ಪತ್ತೆ ಹಚ್ಚಿದೆನೆಂದು ವರ್ಷಗಟ್ಟಲೆ ಕೊಚ್ಚಿಕೊಂಡೆ. ನನ್ನ ಮೈಮೇಲೇ ನಾಲ್ಕಿಂಚು ಇದ್ದದ್ದು ಗೊತ್ತಾಗಲಿಲ್ಲ. ಸಾಬರು ಹೊಲಿದ ರವಿಕೆ ಒಂದು ದಿನವೂ ನನಗೆ ಬಿಗಿಯಲಿಲ್ಲ. ಮೂವತ್ತನಾಲ್ಕಿಂಚಿನವಳಿಗೆ ಅಷ್ಟು ಜಾಗ ಎಲ್ಲಿಂದ ಬಂತೆಂದು ನಾನು ಕೇಳಲೂ ಇಲ್ಲ.

ನಿನ್ನೆ ಬಸವರಾಜನಿಗೆ ಫೋನಿನಲ್ಲಿ ಹೇಳಿದೆ, ನನ್ನ ಸೊಂಟ ಮೂವತ್ತೆಂಟು ಎಂದು. ಅವನು ನಕ್ಕು ಕೇಳಿದ, "ಲೂಸ್ ಸೇರಿಸೋ, ಬಿಟ್ಟೋ ಅತ್ತೆ?"

"ಬಿಟ್ಟು ಕಣಪ್ಪ," ಅಂದೆ. "ಲೂಸೆಲ್ಲ ಸಾಬರ ಬಾಯಲ್ಲೇ ಇತ್ತು."